207ರ ತಳ ಬಿಚ್ಚಿದಾಗ ಕಂಡದ್ದು

ನಮ್ಮ ಮನೆಯ ಟಾಟಾ 207 ಪಿಕಪ್ಪು 2004ರ ಮಾಡೆಲ್ಲು. ನಾನು ಅದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತಂದದ್ದು 2012ರಲ್ಲಿ. ಸಾಗರ ತಾಲ್ಲೂಕಿನ ಒಳಊರು ನಮ್ಮದು. ಮನೆಯಿಂದ ತೋಟಕ್ಕೆ ಒಂದು ಮೈಲಿ ಮಣ್ಣುದಾರಿ. ಗೊಬ್ಬರ, ದರಕು (ಒಣಗಿದೆಲೆ), ಕರಡ (ಒಣಹುಲ್ಲು), ಅಡಿಕೆ ಚೀಲ, ಮಳೆಗಾಲದಲ್ಲಿ ಔಷಧಿಯ ಡ್ರಮ್ಮು, ಎಲ್ಲವೂ ಇದರ ಬೆನ್ನ ಮೇಲೇ ಹೋಗಬೇಕು. ಎಂಜಿನ್ನಿನ ಬಗ್ಗೆ ನನಗೆ ಯಾವತ್ತೂ ದೂರಿಲ್ಲ. 497 ಎಂದು ಕರೆಯುವ ಎಂಜಿನ್ನು ಅದು: 4 ಸಿಲಿಂಡರು, 97 ಮಿಲಿಮೀಟರ್ ಬೋರು (ಸಿಲಿಂಡರಿನ ಒಳ ಅಗಲ), 2956 ಸಿಸಿ, ಟರ್ಬೊ ಇಲ್ಲ. ಕಂಪ್ಯೂಟರಿಲ್ಲದ ಗಾಡಿ. ಪಾನಾ, ಮಲ್ಟಿಮೀಟರು, ತಾಳ್ಮೆ ಇದ್ದರೆ ಮನೆಯಂಗಳದಲ್ಲೇ ಕೆಲಸ ಮಾಡಬಹುದು.

2019ರ ಆಷಾಢದಲ್ಲಿ ಹಿಂದಿನ ಬಾಡಿಯ ತಳ ಕುಸಿಯಿತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯಲು ಔಷಧಿ ಒಯ್ಯುತ್ತಿದ್ದೆವು. ಡ್ರಮ್ಮನ್ನು ಸರಿಸಲು ಹತ್ತಿದ ಹುಡುಗನ ಕಾಲು ಶೀಟು ಒಡೆದು ಮೊಣಕಾಲಿನವರೆಗೂ ಕೆಳಗಿಳಿಯಿತು. ಪುಣ್ಯಕ್ಕೆ ಗಾಡಿ ನಿಂತಿತ್ತು. ಅವನ ಕಾಲಿಗೆ ಆದ ಗೀರು ವಾಸಿಯಾಯಿತು, ನನ್ನ ಮನಸ್ಸಿಗೆ ಆದದ್ದು ಆಗಲಿಲ್ಲ. ಆ ವರ್ಷ ಹಲಗೆ ಹಾಸಿ ಸುಧಾರಿಸಿದೆ. ಸುಗ್ಗಿ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಗಾಡಿಯನ್ನು ಅಡಿಕೆ ಚಪ್ಪರದ ಕೆಳಗೆ ನಿಲ್ಲಿಸಿ ನಾನೇ ಬಿಚ್ಚಲು ಕೂತೆ. ಪಂಪ್‌ಸೆಟ್ಟಿನ ಕೆಲಸಕ್ಕೆಂದು ತಂದ ವೆಲ್ಡಿಂಗ್ ಸೆಟ್ಟು ಮನೆಯಲ್ಲಿತ್ತು. ಪೇಟೆಯ ಒಬ್ಬ ಹಿರಿಯ ಮೇಸ್ತ್ರಿ, "ನೀವೇ ಮಾಡಿ, ತಿಳೀದಿದ್ರೆ ಫೋನ್ ಹಚ್ಚಿ, ಬರ್ತೆ" ಎಂದು ಧೈರ್ಯ ಕೊಟ್ಟಿದ್ದರು.

ತಳ ಯಾಕೆ ಹೋಯಿತು ಎಂಬುದು ಬಿಚ್ಚಿದ ಮೇಲೆ ಗೊತ್ತಾಯಿತು. ಉಳಿದ ಕಡೆ ಶೀಟು ಗಟ್ಟಿಯಾಗೇ ಇತ್ತು. ಕ್ಯಾಬಿನ್ನಿನ ಹಿಂದೆ, ನಾವು ಯಾವಾಗಲೂ ಡ್ರಮ್ಮು ಇಡುವ ಎರಡು ಜಾಗದಲ್ಲಿ ಮಾತ್ರ ಹಪ್ಪಳದಂತಾಗಿತ್ತು. ಕೊಳೆರೋಗಕ್ಕೆ ನಾವು ಹೊಡೆಯುವ ಔಷಧಿ ಬೋರ್ಡೋ ದ್ರಾವಣ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟು), 1 ಕಿಲೋ ಸುಣ್ಣ, 100 ಲೀಟರ್ ನೀರು. ನಾವು ತುತ್ತದ ನೀರು, ಸುಣ್ಣದ ನೀರು ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒಯ್ದು ತೋಟದಲ್ಲಿ ಕಲಸುತ್ತೇವೆ. ಕಲಸಿದ ಮೇಲೆ ಕತ್ತಿಯ ಅಲಗು ಅದ್ದಿ ನೋಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು: ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗೇ ಉಳಿದಿದೆ, ಸುಣ್ಣ ಸಾಲದು. ದಾರಿಯ ಕುಲುಕಾಟಕ್ಕೆ ತುಳುಕಿದ ತುತ್ತದ ನೀರು ಗಾಡಿಯ ತಳಕ್ಕೂ ಅದನ್ನೇ ಮಾಡುತ್ತಿತ್ತು. ತಾಮ್ರ ಶೀಟಿನ ಮೇಲೆ ಕೂರುತ್ತದೆ, ಅಷ್ಟೇ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಕೂತ ತಾಮ್ರ ಆಮೇಲೂ ಸುಮ್ಮನಿರುವುದಿಲ್ಲ, ಒದ್ದೆಯಿರುವಷ್ಟು ದಿನ ಅದರ ಸುತ್ತಲಿನ ಕಬ್ಬಿಣ ಬೇಗ ಬೇಗ ತುಕ್ಕು ಹಿಡಿಯುತ್ತದೆ. ಪ್ರತಿ ವರ್ಷ ಕತ್ತಿ ಅದ್ದಿ ನೋಡುವ ನಾನು ಗಾಡಿಯ ತಳವೂ ಕಬ್ಬಿಣವೇ ಎಂದು ಯೋಚಿಸಿರಲಿಲ್ಲ.

ಇದು ಅರ್ಧ ಕಾರಣ. ಇನ್ನರ್ಧ ನನಗಿಂತ ಮುಂಚಿನ ರಿಪೇರಿಯದು. ಆ ಜಾಗದಲ್ಲಿ ಮೊದಲೇ ಒಮ್ಮೆ ತೂತಾಗಿತ್ತು. ಯಾರೋ ತುಕ್ಕು ತೆಗೆಯದೆ ಅದರ ಮೇಲೊಂದು ಶೀಟು ಕೂರಿಸಿ, ನಾಲ್ಕು ಕಡೆ ಟ್ಯಾಕ್ (ಚುಕ್ಕೆ ಬೆಸುಗೆ) ಹೊಡೆದು, ಅಂಚಿಗೆ ಡಾಂಬರು ಬಳಿದಿದ್ದರು. ಎರಡು ಶೀಟುಗಳ ನಡುವೆ ಇಳಿದ ನೀರಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಮೇಲಿನಿಂದ ನೋಡಿದರೆ ತಳ ಚೆನ್ನಾಗಿದೆ, ಒಳಗೆ ಮಣ್ಣು. ಈ ಗಾಡಿಯಲ್ಲಿ ಮುಂದೆ ನಾನು ಮುಟ್ಟಿದ ಒಂದೊಂದು ಕೆಲಸದಲ್ಲೂ ಇದೇ ಎದುರಾಯಿತು. ಕೆಟ್ಟದ್ದನ್ನು ಸರಿಮಾಡುವ ಮೊದಲು ಹಿಂದೆ ಸರಿಮಾಡಿದ್ದನ್ನು ಬಿಚ್ಚಬೇಕಿತ್ತು.

ಸುತ್ತಿಗೆ ಹಿಡಿದು ತಳದುದ್ದಕ್ಕೂ ತಟ್ಟುತ್ತಾ ಹೋದೆ. ಗಟ್ಟಿ ಕಬ್ಬಿಣ ಗಂಟೆಯಂತೆ ಕೂಗುತ್ತದೆ, ಕೊಳೆತದ್ದು ಮೆತ್ತಗೆ ಸದ್ದು ಮಾಡುತ್ತದೆ. ಮೆತ್ತಗಿನ ಜಾಗಕ್ಕೆಲ್ಲ ಸೀಮೆಸುಣ್ಣದ ಗೆರೆ ಎಳೆದು, ಗೆರೆಯಿಂದ ಎರಡಿಂಚು ಆಚೆಗೆ, ಒಳ್ಳೆಯ ಕಬ್ಬಿಣ ಸಿಗುವವರೆಗೆ ಗ್ರೈಂಡರಿನಲ್ಲಿ ಕತ್ತರಿಸಿದೆ. ಗೆರೆಯ ಮೇಲೇ ಕತ್ತರಿಸಿದರೆ ಬೆಸುಗೆ ಹಿಡಿಯುವುದು ತೆಳುವಾದ ಅಂಚಿಗೆ, ಅದು ಸುಟ್ಟು ತೂತು ಬೀಳುತ್ತದೆ. ಕೆಳಗಿನ ಅಡ್ಡಪಟ್ಟಿಗಳಲ್ಲಿ ಒಂದನ್ನು ಪೂರ್ತಿ ಬದಲಿಸಬೇಕಾಯಿತು. ಚಾಸಿಯ ಉದ್ದದ ಎರಡು ತೊಲೆಗಳಲ್ಲಿ ಮೇಲ್ತುಕ್ಕು ಬಿಟ್ಟರೆ ಬೇರೇನಿರಲಿಲ್ಲ. ಅದು ಕೊಳೆತಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಚಾಸಿಯ ಬೆಸುಗೆ ಮನೆಯಂಗಳದ ಕೆಲಸ ಅಲ್ಲ.

ಬೆಸುಗೆಗೆ ಮುಂಚೆ ಬ್ಯಾಟರಿಯ ಎರಡೂ ವೈರು ಕಳಚಿದೆ, ಡೈನಮೋದ (ಆಲ್ಟರ್ನೇಟರಿನ) ವೈರನ್ನೂ ಕಳಚಿದೆ. ಇಲ್ಲದಿದ್ದರೆ ಅದರೊಳಗಿನ ಡಯೋಡು ಸುಡಬಹುದು. ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿದೆ. ಡೀಸೆಲ್ ಟ್ಯಾಂಕನ್ನು ಇಳಿಸಿ ಹಿತ್ತಲಿನ ಆಚೆ ಇಟ್ಟೆ. ಖಾಲಿ ಟ್ಯಾಂಕಿಗೆ ಬೆಂಕಿಯ ಭಯವಿಲ್ಲ ಎಂದು ಹಲವರು ನಂಬಿದ್ದಾರೆ, ಇದು ತಪ್ಪು. ಖಾಲಿ ಟ್ಯಾಂಕಿನೊಳಗಿನ ಆವಿಯೇ ಹೆಚ್ಚು ಅಪಾಯ. ದಯವಿಟ್ಟು ಯಾರೂ ಟ್ಯಾಂಕು ಗಾಡಿಯಲ್ಲಿಟ್ಟುಕೊಂಡು ಹತ್ತಿರದಲ್ಲಿ ಕಿಡಿ ಹಾರಿಸಬೇಡಿ.

ಹೊಸ ತಳಕ್ಕೆ 16 ಗೇಜಿನ ಶೀಟು ತಂದೆ, ಅಂದರೆ ಸುಮಾರು 1.6 ಮಿಲಿಮೀಟರ್ ದಪ್ಪ. 18 ಗೇಜು ಅಗ್ಗ, ಹಗುರ. ಆದರೆ ಆರ್ಕ್ ವೆಲ್ಡಿಂಗಿನಲ್ಲಿ ಅದನ್ನು ಸುಡದೆ ಬೆಸೆಯುವ ಕೈ ನನ್ನದಲ್ಲ. ಬೆಸುಗೆಗೆ 12 ಗೇಜಿನ ರಾಡು, 65 ಆಂಪಿಯರಿನ ಆಸುಪಾಸು. ಇಲ್ಲಿ ಒಂದಿಂಚು ಬೆಸೆದರೆ ಮುಂದಿನ ಒಂದಿಂಚು ಆ ತುದಿಯಲ್ಲಿ, ಆಮೇಲೆ ನಡುವೆ. ಒಂದೇ ಕಡೆಯಿಂದ ಉದ್ದಕ್ಕೆ ಎಳೆದುಕೊಂಡು ಹೋದರೆ ಶೀಟು ಕಾದು ಬಿಲ್ಲಿನಂತೆ ಬಾಗುತ್ತದೆ. ಮೊದಲ ದಿನ ಅವಸರದಲ್ಲಿ ಒಂದಡಿ ಎಳೆದೆ, ಬಾಗಿತು, ಕತ್ತರಿಸಿ ಮತ್ತೆ ಹಾಕಿದೆ. ಶೀಟಿನ ಜೋಡಣೆಯನ್ನು ಹಂಚು ಹೊದೆಸುವ ಹಾಗೆ ಮಾಡಿದೆ. ಮುಂದಿನ ಶೀಟು ಮೇಲೆ, ಹಿಂದಿನದು ಕೆಳಗೆ, ನೀರು ಹಿಂದಕ್ಕೆ ಹರಿಯಬೇಕು. ಹಿಂದಿನ ಎರಡು ಮೂಲೆಯಲ್ಲಿ ಬೆರಳು ಹೋಗುವಷ್ಟು ತೂತು ಬಿಟ್ಟೆ.

ಬಣ್ಣದ ಕೆಲಸಕ್ಕೆ ಬೆಸುಗೆಗಿಂತ ಹೆಚ್ಚು ದಿನ ಹಿಡಿಯಿತು, ಹಿಡಿಯಲೇಬೇಕು. ವೈರ್ ಬ್ರಷ್ಷಿನಲ್ಲಿ ಉಜ್ಜಿ, ಫಾಸ್ಫಾರಿಕ್ ಆಮ್ಲವಿರುವ ತುಕ್ಕಿನ ದ್ರಾವಣ ಹಚ್ಚಿ, ತೊಳೆದು ಬಿಸಿಲಿಗೆ ಒಣಗಿಸಿ, ಎಪಾಕ್ಸಿ ಪ್ರೈಮರು ಎರಡು ಕೋಟು, ಜೋಡಣೆಗೆಲ್ಲ ಸೀಲೆಂಟು, ಆಮೇಲೆ ಎನಾಮೆಲ್ಲು. ಕೊಳವೆಯಂಥ ಅಡ್ಡಪಟ್ಟಿಗಳ ಒಳಗೆ ಬ್ರಷ್ಷು ಹೋಗುವುದಿಲ್ಲ. ಎಲ್ಲ ಬೆಸುಗೆ ಮುಗಿದ ಮೇಲೆ ಎಂಜಿನ್ ಆಯಿಲ್ಲಿಗೆ ಗ್ರೀಸು ಕಲಸಿ ತೂತಿನಿಂದ ಒಳಗೆ ಹೊಡೆದೆ.

ಕಬ್ಬಿಣದ ಮೇಲೆ ನಮ್ಮ ಹಳೇ ಅಟ್ಟದ ಹಲಸಿನ ಹಲಗೆ ಹಾಸಿದೆ. ಹಲಗೆಯ ಕೆಳಗೆ ಅರ್ಧ ಇಂಚಿನ ಪಟ್ಟಿ ಕೊಟ್ಟು ಗಾಳಿಯಾಡಲು ಬಿಟ್ಟೆ, ಆರು ಬೋಲ್ಟು ತೆಗೆದರೆ ಇಡೀ ಹಲಗೆ ಎದ್ದು ಬರಬೇಕು. ಡ್ರಮ್ಮುಗಳಿಗೆ ಅಗಲದ ಪ್ಲಾಸ್ಟಿಕ್ ಬಾನಿ. ತುಳುಕಿದ್ದು ಬಾನಿಯಲ್ಲೇ ನಿಲ್ಲುತ್ತದೆ. ಅಲ್ಯೂಮಿನಿಯಂ ಶೀಟು ಹಾಕು ಎಂದು ಭಾವ ಹೇಳಿದ್ದ. ಮೈಲುತುತ್ತ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ, ಹಾಗಾಗಿ ಬಿಟ್ಟೆ.

ಇನ್ನು ಬೆಳಗಿನ ಸ್ಟಾರ್ಟಿಂಗ್. ಎರಡು ವರ್ಷದಿಂದ ಇದೇ ಕಥೆ: ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸೋಲಬೇಕು. ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ತೊಂದರೆಯಿಲ್ಲ. ಒಂದು ಗ್ಯಾರೇಜಿನಲ್ಲಿ ಡೀಸೆಲ್ ಪಂಪು ಬಿಚ್ಚಬೇಕು ಎಂದು ದೊಡ್ಡ ಮೊತ್ತ ಹೇಳಿದರು, ಇನ್ನೊಂದರಲ್ಲಿ ಹೊಸ ಬ್ಯಾಟರಿ ಹಾಕಿಸಿದರು. ಮೇಸ್ತ್ರಿ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಡೀಸೆಲ್ ಎಲ್ಲಾದ್ರೂ ತೊಟ್ಕುತ್ತದಾ?" ಎಲ್ಲೂ ಇಲ್ಲ ಎಂದೆ. "ಹಂಗಾರೆ ಟ್ಯಾಂಕಿನ ಕಡೆ ನೋಡಿ. ಆ ಕಡೆ ತೊಟ್ಕೂದಿಲ್ಲ, ಗಾಳಿ ಎಳೀತದೆ."

ಈ ಮಾತು ನನಗೆ ಪೂರ್ತಿ ತಿಳಿದದ್ದು ಕಣ್ಣಾರೆ ಕಂಡ ಮೇಲೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಆಚೆ, ಎಂಜಿನ್ನಿನ ಕಡೆ, ಒತ್ತಡ ಇರುತ್ತದೆ, ಸಡಿಲವಾದರೆ ಡೀಸೆಲ್ ಹೊರಗೆ ಬರುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಎಳೆತ. ಅಲ್ಲಿ ಸಡಿಲವಾದರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ರಾತ್ರಿ ಆ ಸಂದಿನಿಂದ ಗಾಳಿ ಸೇರಿ ಪೈಪಿನ ಡೀಸೆಲ್ ಟ್ಯಾಂಕಿಗೆ ಇಳಿದುಬಿಡುತ್ತದೆ. ಪಂಪಿಗೆ ಬರುವ ಪೈಪಿನ ನಡುವೆ ಒಂದು ಗೇಣು ಪಾರದರ್ಶಕ ಪೈಪು ಸೇರಿಸಿ ಎಂಜಿನ್ ಓಡಿಸಿದೆ. ಗುಳ್ಳೆಗಳು ಸಾಲಾಗಿ ಬಂದವು. ಟ್ಯಾಂಕಿನ ಕಡೆಯಿಂದ ಒಂದೊಂದೇ ಜೋಡಣೆಗೆ ಗ್ರೀಸು ಮೆತ್ತುತ್ತಾ ಬಂದೆ. ಮೂರನೆಯದಕ್ಕೆ ಮೆತ್ತಿದಾಗ ಗುಳ್ಳೆ ನಿಂತಿತು. ಬಿಚ್ಚಿ ನೋಡಿದರೆ ತಾಮ್ರದ ವಾಷರು ಇರಬೇಕಾದ ಕಡೆ ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಿದ್ದರು. ಎರಡು ಹೊಸ ತಾಮ್ರದ ವಾಷರು ಹಾಕಿದೆ. ಹೊಸದು ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೆತ್ತಗಾಗಿ ಕೂರುತ್ತದೆ. ಕೈಪಂಪು ಒತ್ತಿ ಫಿಲ್ಟರಿನ ಮೇಲಿನ ಸ್ಕ್ರೂನಿಂದ ಏರ್ ತೆಗೆದೆ. ಬಳಿಕ ಇಂಜೆಕ್ಟರಿನ ಪೈಪುಗಳ ನಟ್ಟು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆದು, ಡೀಸೆಲ್ ಚಿಮ್ಮಿದ ಮೇಲೆ ಬಿಗಿ ಮಾಡಿದೆ. ಚಿಮ್ಮುವ ಕಡೆ ಕೈ ಹಿಡಿಯಬಾರದು, ಆ ಒತ್ತಡಕ್ಕೆ ಡೀಸೆಲ್ ಚರ್ಮದ ಒಳಗೇ ನುಗ್ಗುತ್ತದೆ. ಮರುದಿನ ಬೆಳಿಗ್ಗೆ ಆರಕ್ಕೆ ಕೀ ತಿರುಗಿಸಿದೆ, ಒಂದೇ ಹೊಡೆತಕ್ಕೆ ಎದ್ದಿತು. ಆ ಸಂತೋಷ ಬಾಯಲ್ಲಿ ಹೇಳಿ ಮುಗಿಯುವುದಲ್ಲ.

ಹಿಂದಿನ ಸ್ಪ್ರಿಂಗಿನಲ್ಲೂ ಯಾರದೋ ಉಪಕಾರವಿತ್ತು. ಹೆಚ್ಚು ಲೋಡು ಹಾಕಲು ಎರಡೂ ಕಡೆ ಒಂದೊಂದು ಹೆಚ್ಚುವರಿ ಪ್ಲೇಟು ಸೇರಿಸಿದ್ದರು. ಪ್ಲೇಟು ಸೇರಿಸಿದರೆ ಗಾಡಿ ಬಗ್ಗುವುದಿಲ್ಲ, ನಿಜ. ಆದರೆ ಆಕ್ಸಲ್ಲು, ಬ್ರೇಕು, ಟೈರು, ಚಾಸಿ ಮೊದಲಿನದ್ದೇ. ಸ್ಪ್ರಿಂಗು ನುಂಗಬೇಕಿದ್ದ ಗುದ್ದೆಲ್ಲ ಬಾಡಿಯ ಬೋಲ್ಟುಗಳಿಗೆ ಹೋಗುತ್ತಿತ್ತು. ತಳ ಬಿಚ್ಚಿದಾಗ ಎರಡು ಬೋಲ್ಟಿನ ಸುತ್ತ ಬಿರುಕು ಕಂಡದ್ದು ಇದಕ್ಕೇ ಎಂದು ನನ್ನ ನಂಬಿಕೆ. ಆರ್‌ಸಿಯಲ್ಲಿ ಬರೆದ ತೂಕಕ್ಕಿಂತ ಹೆಚ್ಚು ನಾನು ಹೇರುವುದಿಲ್ಲ, ಹಾಗಾಗಿ ಆ ಪ್ಲೇಟು ತೆಗೆದೆ. ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡು, ಮುಂದಿನ ಚಕ್ರಕ್ಕೆ ಕಲ್ಲು, ಆಕ್ಸಲ್ಲಿಗೆ ಜಾಕಿ. ನಡುವಿನ ಬೋಲ್ಟು ಬಿಚ್ಚುವ ಮೊದಲು ಪ್ಲೇಟುಗಳನ್ನು ಎರಡು ಸಿ ಕ್ಲಾಂಪಿನಲ್ಲಿ ಬಿಗಿದೆ. ಬಾಗಿಸಿ ಕೂಡಿಸಿದ ಪ್ಲೇಟು ಬೋಲ್ಟು ಹೋದ ತಕ್ಷಣ ಸಿಡಿಯುತ್ತದೆ. ಹೊಸ ಬುಷ್ಷು, ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಹೊಸ ಯು ಬೋಲ್ಟು. ಹಳೇ ಯು ಬೋಲ್ಟು ಹಿಗ್ಗಿರುತ್ತದೆ, ಅದನ್ನು ಮತ್ತೆ ಹಾಕುವುದು ದುಡ್ಡು ಉಳಿಸಿದಂತಲ್ಲ. ಚಕ್ರ ನೆಲಕ್ಕೆ ತಾಗಿ ಭಾರ ಬಂದ ಮೇಲೆ ಕೊನೆಯ ಬಿಗಿ, ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ.

ಚಕ್ರ ಬಿಚ್ಚಿದ್ದರಿಂದ ಹಿಂದಿನ ಬ್ರೇಕ್ ಡ್ರಮ್ಮಿನ ಶೂ ಬದಲಿಸಿದೆ, ಬ್ರೇಕ್ ಆಯಿಲ್ಲೂ ಪೂರ್ತಿ ಬದಲಿಸಿದೆ. ಹಳೆಯದು ಕಷಾಯದ ಬಣ್ಣಕ್ಕೆ ಬಂದಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮಲೆನಾಡಿನಲ್ಲಿ ಕೇಳಬೇಕೇ. ಏರ್ ತೆಗೆಯುವುದು ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡಚಕ್ರದಿಂದ. ಪೆಡಲ್ ಒತ್ತಲು ಹೆಂಡತಿ ಕೂತಿದ್ದಳು. "ಒತ್ತು", "ಬಿಡು" ಎಂದು ಕೂಗುತ್ತಾ ಒಂದು ಮಧ್ಯಾಹ್ನ ಹೋಯಿತು.

ಹೆಡ್‌ಲೈಟಿನ ಮಂಕಿಗೆ ಜನ ಹೇಳುವ ಔಷಧಿ ದೊಡ್ಡ ವ್ಯಾಟಿನ ಬಲ್ಬು. ನಾನು ಮೊದಲು ಮಲ್ಟಿಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 12.6 ವೋಲ್ಟು, ಬಲ್ಬಿನ ಹತ್ತಿರ 10.5. ಉಳಿದದ್ದು ಸ್ವಿಚ್ಚಿನಲ್ಲಿ, ವೈರಿನಲ್ಲಿ, ತುಕ್ಕು ಹಿಡಿದ ಅರ್ತಿನಲ್ಲಿ ಸೋರಿತ್ತು. ಅಷ್ಟು ವೋಲ್ಟು ಇಳಿದರೆ ಬಲ್ಬಿನ ಬೆಳಕು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಯಾರೋ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ತೆಗೆದು ನೇರ ಜೋಡಿಸಿದ್ದರು, ಅಷ್ಟೂ ಕರೆಂಟು ಸ್ಟೀರಿಂಗಿನ ಸ್ವಿಚ್ಚಿನ ಮೂಲಕವೇ ಹೋಗುತ್ತಿತ್ತು, ಸ್ವಿಚ್ಚಿನ ಪ್ಲಾಸ್ಟಿಕ್ಕು ಕರಗಲು ಶುರುವಾಗಿತ್ತು. ಡಿಮ್ಮಿಗೊಂದು, ಬ್ರೈಟಿಗೊಂದು ರಿಲೇ ಹಾಕಿದೆ. ರಿಲೇಯ ಪಿನ್ನುಗಳಿಗೆ ನಂಬರಿರುತ್ತದೆ: 30ಕ್ಕೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ವೈರು, 87ರಿಂದ ಬಲ್ಬಿಗೆ, 86ಕ್ಕೆ ಹಳೇ ಸ್ವಿಚ್ಚಿನ ವೈರು, 85 ಅರ್ತಿಗೆ. ಫ್ಯೂಸು ಬ್ಯಾಟರಿಯ ಹತ್ತಿರವೇ ಇರಬೇಕು. ಬಲ್ಬು ಅದೇ 60/55 ವ್ಯಾಟಿನದು. ಈಗ ರಾತ್ರಿ ಘಾಟಿಯ ತಿರುವಿನಲ್ಲಿ ರಸ್ತೆಯ ಅಂಚು ಕಾಣುತ್ತದೆ, ಎದುರಿನವರ ಕಣ್ಣಿಗೂ ಹೊಡೆಯುವುದಿಲ್ಲ.

ಅಡಿಕೆ ಚೀಲ ನೆನೆಯದಂತೆ ಟಾರ್ಪಾಲು ಹೊದೆಸಲು ಪೈಪಿನ ಕಮಾನು ಮಾಡಿಕೊಂಡೆ. ಮಾಡುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ ಬಂದೆ. ಆರ್‌ಸಿಯ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ, ಎಫ್‌ಸಿಗೆ (ಗಾಡಿಯ ಅರ್ಹತಾ ತಪಾಸಣೆಗೆ) ಹೋದಾಗ ಮಾತು ಕೇಳುವುದಕ್ಕಿಂತ ಮೊದಲೇ ಕೇಳುವುದು ಒಳ್ಳೆಯದು. ಕಮಾನು ಬಾಡಿಯ ಹಳೇ ಗೂಡುಗಳಲ್ಲೇ ಕೂರುತ್ತದೆ, ಪಿನ್ನು ಎಳೆದರೆ ಕಳಚಿ ಬರುತ್ತದೆ.

ಎಲ್ಲಕ್ಕೂ ಏಳು ವಾರ ಹಿಡಿಯಿತು. ಎರಡನೇ ಗೇರು ಈಗಲೂ ತಣ್ಣಗಿರುವಾಗ ಕರ್ ಎನ್ನುತ್ತದೆ. ಗೇರ್‌ಬಾಕ್ಸು ಮಾತ್ರ ಮೇಸ್ತ್ರಿಗೇ ಬಿಟ್ಟಿದ್ದೇನೆ.

ಪ್ರತಿ ವರ್ಷ ಕೊನೆಯ ಔಷಧಿ ಹೊಡೆದಾದ ಮೇಲೆ ಆರು ಬೋಲ್ಟು ಬಿಚ್ಚಿ ಹಲಗೆ ಎತ್ತಿ ತಳ ತೊಳೆಯುತ್ತೇನೆ. ಈ ಸಲ ಎಡಗಡೆಯ ಬೆಸುಗೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಎರಡು ಕೆಂಪು ಚುಕ್ಕೆ ಇತ್ತು. ಕೆರೆದು, ಪ್ರೈಮರು ಹಚ್ಚಿ, ಒಣಗಿದ ಮೇಲೆ ಹಲಗೆ ಕೂರಿಸಿದೆ.