ತಾಳಮದ್ದಳೆಯ ಮೈಕುಗಳಿಂದ ವೈರ್‌ಪ್ಲಂಬರ್ ಕೋಡಿನವರೆಗೆ: ನನ್ನ ಅನುಭವ

ಲಿನಕ್ಸ್ ಲ್ಯಾಪ್‌ಟಾಪಿಗೆ ಮೈಕು ಚುಚ್ಚಿದರೆ ಅದರ ಧ್ವನಿ ಯಾವ ಆ್ಯಪಿಗೆ ಹೋಗಬೇಕು, ಮೈಕು ಕಿತ್ತರೆ ಅದರ ಜಾಗಕ್ಕೆ ಯಾವುದು ಬರಬೇಕು ಎಂದು ತೀರ್ಮಾನಿಸುವುದು ಯಾರು? ಬಹಳ ಜನ ಪೈಪ್‌ವೈರ್ ಅಂದುಕೊಂಡಿದ್ದಾರೆ. ವಿಮ್ ಟೇಮನ್ಸ್ ಕಟ್ಟಿದ ಪೈಪ್‌ವೈರ್ ಧ್ವನಿ, ವಿಡಿಯೊ ಎರಡನ್ನೂ ಸಾಗಿಸುತ್ತದೆ ನಿಜ. ಆದರೆ ಯಾರನ್ನು ಯಾರಿಗೆ ಜೋಡಿಸಬೇಕು ಅನ್ನುವ ನಿರ್ಧಾರವನ್ನು ಅದು ತನ್ನ ಹತ್ತಿರ ಇಟ್ಟುಕೊಂಡಿಲ್ಲ. ಅಡಿಕೆ ತೋಟದಲ್ಲಿ ಪೈಪು ಎಳೆದಾಗಿದ್ದರೂ ಯಾವ ಗೇಟ್‌ವಾಲ್ವ್ ತಿರುಗಿಸಬೇಕೆಂದು ಒಬ್ಬರು ಹೇಳಲೇಬೇಕಲ್ಲ, ಹಾಗೆ. ಆ ಕೆಲಸಕ್ಕೆ ಸೆಷನ್ ಮ್ಯಾನೇಜರ್ ಅನ್ನುತ್ತಾರೆ. ಇವತ್ತು ಹೆಚ್ಚಿನ ಕಡೆ ಅದನ್ನು ಮಾಡುತ್ತಿರುವುದು ವೈರ್‌ಪ್ಲಂಬರ್. ಕೊಲಾಬೊರಾ ಕಂಪನಿಯ ಜಾರ್ಜ್ ಕಿಯಾಗಿಯಾಡಾಕಿಸ್ ಮುಂದಾಳತ್ವದಲ್ಲಿ 2019ರ ಹೊತ್ತಿಗೆ, ಕಾರಿನೊಳಗಿನ ಲಿನಕ್ಸ್ ವ್ಯವಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಶುರುವಾದ ಯೋಜನೆ ಇದು. 2021ರಲ್ಲಿ ಫೆಡೊರಾ ಎಂಬ ಲಿನಕ್ಸ್ ವಿತರಣೆಯ 35ನೇ ಆವೃತ್ತಿ ಇದನ್ನೇ ಡೀಫಾಲ್ಟ್ ಮಾಡಿಕೊಂಡ ಮೇಲೆ ಸಾಮಾನ್ಯ ಲ್ಯಾಪ್‌ಟಾಪುಗಳಿಗೂ ಬಂತು. ತಿರುಳು ಸಿ ಭಾಷೆಯ ಒಂದು ಲೈಬ್ರರಿ, ನಿರ್ಧಾರಗಳೆಲ್ಲ ಲುವಾ ಎಂಬ ಪುಟ್ಟ ಭಾಷೆಯ ಸ್ಕ್ರಿಪ್ಟುಗಳಲ್ಲಿ. ಎಂಐಟಿ ಎಂಬ ಮುಕ್ತ ಪರವಾನಗಿ ಇರುವುದರಿಂದ ಯಾರೂ ತೆರೆದು ಓದಬಹುದು, ತಿದ್ದಬಹುದು.

ನಾನು ಇದರ ಬೆನ್ನು ಹತ್ತಿದ್ದು ಸಾಗರದ ಕಡೆಯ ತಾಳಮದ್ದಳೆಗಳಿಂದ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ನಮ್ಮಲ್ಲಿ ಮನೆಯ ಜಗಲಿಯಲ್ಲೋ ದೇವಸ್ಥಾನದ ಚಂದ್ರಶಾಲೆಯಲ್ಲೋ ಕೂಟ ಸೇರುತ್ತದೆ. ಅವನ್ನು ರೆಕಾರ್ಡ್ ಮಾಡುವುದು ನನಗೆ ಹವ್ಯಾಸಕ್ಕಿಂತ ಹೆಚ್ಚು. ಹಿರಿಯ ಭಾಗವತರ ಮಟ್ಟುಗಳು ಇನ್ನೆಲ್ಲೂ ಉಳಿಯುವುದಿಲ್ಲ ಅನ್ನುವ ಚಿಂತೆ ನನಗಿದೆ. ಭಾಗವತರಿಗೆ ಒಂದು, ಹಿಮ್ಮೇಳಕ್ಕೆ ಒಂದು, ಅರ್ಥಧಾರಿಗಳಿಗೆ ಎರಡು ಮೈಕು. ಭಾಗವತರದ್ದೂ ಚಂಡೆ ಮದ್ದಳೆಯದ್ದೂ ಒಂದೇ ಮಾಡೆಲಿನ ಎರಡು ಅಗ್ಗದ ಯುಎಸ್‌ಬಿ ಸಾಧನಗಳ ಮೂಲಕ ಬರುತ್ತವೆ. ಎರಡು ಸಾಧನಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಆ ವ್ಯತ್ಯಾಸವನ್ನು ಪೈಪ್‌ವೈರ್ ತಾನೇ ರೀಸ್ಯಾಂಪಲ್ ಮಾಡಿ, ಅಂದರೆ ಧ್ವನಿಯ ವೇಗವನ್ನು ಚೂರು ಹೊಂದಿಸಿ, ಸರಿತೂಗಿಸುತ್ತದೆ, ಆ ವಿಷಯದಲ್ಲಿ ನನಗೆ ತಕರಾರಿಲ್ಲ.

ತೊಂದರೆ ಕೊಟ್ಟಿದ್ದು ಕರೆಂಟು. ಮಲೆನಾಡಿನ ಮಳೆಗಾಲದಲ್ಲಿ ಅದು ಪೂರ್ತಿ ಹೋಗುವುದಕ್ಕಿಂತ ಹೆಚ್ಚಾಗಿ ಕಣ್ಣು ಮಿಟುಕಿಸುತ್ತದೆ. ಮನೆ ಇನ್ವರ್ಟರ್ ಲೈನ್ ಬದಲಿಸುವ ಆ ಗಳಿಗೆಯಲ್ಲಿ ಯುಎಸ್‌ಬಿ ಹಬ್‌ನ ಅಡಾಪ್ಟರ್ ಸತ್ತು ಎದ್ದೇಳುತ್ತದೆ. ಎರಡೂ ಸಾಧನಗಳು ಮಾಯವಾಗಿ ಮತ್ತೆ ಬರುತ್ತವೆ. ಲ್ಯಾಪ್‌ಟಾಪ್ ಪರದೆಯಲ್ಲಿ ಎಲ್ಲ ಮೊದಲಿನಂತೆಯೇ ಕಾಣುತ್ತದೆ. ಒಂದು ಕೂಟ ಮುಗಿದ ಮರುದಿನ ಭಾಗವತರೇ ಫೋನ್ ಮಾಡಿದರು: ‘ಎಂತದಾ ಅದು? ನಾ ಪದ್ಯ ಎತ್ತಿದ ಕಡೆ ಬರೀ ಚಂಡೆ ಕೇಳ್ತು ಅಂತಾಳಲ ಮಗಳು.’ ಫೈಲುಗಳನ್ನು ತೆರೆದು ನೋಡಿದರೆ ಕರೆಂಟು ಮಿಟುಕಿದ ಕ್ಷಣದಿಂದ ಎರಡು ಟ್ರ್ಯಾಕುಗಳೂ ಅದಲುಬದಲು. ಅವರ ಟ್ರ್ಯಾಕಿನಲ್ಲಿ ಚಂಡೆ, ಚಂಡೆಯ ಟ್ರ್ಯಾಕಿನಲ್ಲಿ ಅವರ ಪದ್ಯ.

ಕಾರಣ ಹುಡುಕಲು ವೈರ್‌ಪ್ಲಂಬರ್‌ನ ಕೋಡು ತೆರೆದೆ. ಲಿನಕ್ಸಿನ ಧ್ವನಿ ವ್ಯವಸ್ಥೆಯಾದ ಆಲ್ಸಾದ ಮೂಲಕ ಸಾಧನಗಳನ್ನು ಗುರುತಿಸುವ ‘ಆಲ್ಸಾ ಮಾನಿಟರ್’ ಸ್ಕ್ರಿಪ್ಟಿನಲ್ಲೇ ಉತ್ತರ ಸಿಕ್ಕಿತು. ಪ್ರತಿ ಸಾಧನಕ್ಕೂ ಅದರ ತಯಾರಕರು, ಮಾಡೆಲ್, ಸೀರಿಯಲ್ ನಂಬರ್ ಸೇರಿಸಿದ ಹೆಸರೊಂದು ಬರುತ್ತದೆ. ಅಗ್ಗದ ಸಾಧನಗಳಲ್ಲಿ ಸೀರಿಯಲ್ ನಂಬರೇ ಇರುವುದಿಲ್ಲ. ಹಾಗಾಗಿ ಎರಡಕ್ಕೂ ಒಂದೇ ಹೆಸರು. ಹೆಸರು ಡಿಕ್ಕಿ ಹೊಡೆದಾಗ ಸ್ಕ್ರಿಪ್ಟು ಎರಡನೆಯದಾಗಿ ಬಂದದ್ದಕ್ಕೆ ಕೊನೆಯಲ್ಲಿ ‘.2’ ಅಂಟಿಸುತ್ತದೆ. ಎರಡನೆಯದು ಯಾವುದು ಅನ್ನುವುದು ಹಬ್ ಎದ್ದಾಗ ಯಾವ ಸಾಧನ ಮೊದಲು ಕಣ್ಣು ಬಿಟ್ಟಿತು ಅನ್ನುವುದರ ಮೇಲೆ ನಿಂತಿದೆ. ನನ್ನ ರೆಕಾರ್ಡಿಂಗ್ ಹೆಸರನ್ನು ನಂಬಿಕೊಂಡಿತ್ತು, ಹೆಸರು ಸರದಿಯನ್ನು ನಂಬಿಕೊಂಡಿತ್ತು. ಆ ಕೆಲವೇ ಸಾಲಿನ ಕೋಡು ಓದಿದ ರಾತ್ರಿ ಆದ ಖುಷಿ ನನಗಿನ್ನೂ ನೆನಪಿದೆ.

ಪರಿಹಾರಕ್ಕೆ ಸಿ ಬೇಕಾಗಲಿಲ್ಲ, ಲುವಾವೂ ಬೇಕಾಗಲಿಲ್ಲ. ಹೆಸರು ಒಂದೇ ಆದರೂ ಪ್ರತಿ ಸಾಧನಕ್ಕೂ ಬಸ್ ಪಾತ್ ಅನ್ನುವ ಗುಣ ಬೇರೆ ಇರುತ್ತದೆ. ಅದು ಯುಎಸ್‌ಬಿ ಯಾವ ಕಿಂಡಿಯಲ್ಲಿ ಕೂತಿದೆ ಅನ್ನುವುದನ್ನು ಹೇಳುತ್ತದೆ, ಕರೆಂಟು ಎಷ್ಟು ಸಲ ಹೋದರೂ ಬದಲಾಗುವುದಿಲ್ಲ. ವೈರ್‌ಪ್ಲಂಬರ್‌ನ ಸೆಟ್ಟಿಂಗ್ ಫೋಲ್ಡರಿನಲ್ಲಿ ಚಿಕ್ಕ ಫೈಲೊಂದನ್ನು ಬರೆದೆ: ಈ ಬಸ್ ಪಾತಿನಲ್ಲಿ ಕಂಡದ್ದಕ್ಕೆ ‘ಭಾಗವತ’, ಆ ಬಸ್ ಪಾತಿನಲ್ಲಿ ಕಂಡದ್ದಕ್ಕೆ ‘ಹಿಮ್ಮೇಳ’ ಎಂದು ಹೆಸರಿಡು. ಹಬ್‌ನ ಒಂದು ಕಿಂಡಿಗೂ ಅದರ ವೈರಿಗೂ ಕೆಂಪು ಇನ್ಸುಲೇಷನ್ ಟೇಪು, ಇನ್ನೊಂದಕ್ಕೆ ಹಸಿರು. ಜಮಖಾನ ಹಾಸುವ ಹುಡುಗರೂ ಈಗ ತಪ್ಪಿಲ್ಲದೆ ಚುಚ್ಚುತ್ತಾರೆ. ಹೆಸರು ಸರಿಯಾಗಿ ಕೂತಿದೆಯೇ ಎಂದು ನೋಡಲು ಡಬ್ಲ್ಯುಪಿಸಿಟಿಎಲ್ ಸ್ಟೇಟಸ್ ಆದೇಶ ಸಾಕು.

ಇನ್ನೊಂದು ತೊಡಕು ಉಳಿದಿತ್ತು. ಸಾಧನ ಮಾಯವಾದ ಆ ಒಂದೆರಡು ಸೆಕೆಂಡಿನಲ್ಲಿ ವೈರ್‌ಪ್ಲಂಬರ್ ಸುಮ್ಮನೆ ಕೂರದೆ ರೆಕಾರ್ಡಿಂಗನ್ನು ಲ್ಯಾಪ್‌ಟಾಪಿನ ಒಳಮೈಕಿಗೆ ಜೋಡಿಸುತ್ತದೆ. ಮೀಟಿಂಗಿನಲ್ಲಿ ಮಾತಾಡುವವರಿಗೆ ಅದೇ ಸರಿ. ನನ್ನ ಟ್ರ್ಯಾಕಿಗೆ ಮಾತ್ರ ಫ್ಯಾನಿನ ಸದ್ದು, ಹೆಂಚಿನ ಮೇಲಿನ ಮಳೆ ಎಲ್ಲ ನುಗ್ಗುತ್ತದೆ. ಇದನ್ನು ತಡೆಯುವ ಹುಕ್ ಒಂದನ್ನು, ಅಂದರೆ ಒಂದು ಘಟನೆ ನಡೆದಾಗ ಓಡುವ ತುಣುಕು ಕೋಡನ್ನು, ಲುವಾದಲ್ಲಿ ಬರೆಯಬೇಕೆಂದು, ಟಾರ್ಗೆಟ್ (ಯಾವ ಸಾಧನಕ್ಕೆ ಜೋಡಿಸಬೇಕು) ಆರಿಸುವ ಸ್ಕ್ರಿಪ್ಟುಗಳನ್ನು ಒಂದೊಂದಾಗಿ ಓದಿದೆ: ಆ್ಯಪು ಕೇಳಿದ ಟಾರ್ಗೆಟ್ ಇದೆಯೇ, ಇಲ್ಲದಿದ್ದರೆ ಡೀಫಾಲ್ಟ್ ಇದೆಯೇ, ಅದೂ ಇಲ್ಲದಿದ್ದರೆ ಉಳಿದವುಗಳಲ್ಲಿ ಒಳ್ಳೆಯದು ಯಾವುದು, ಆಮೇಲೆ ಜೋಡಣೆ. ಓದುವಾಗಲೇ ಕಂಡಿತು, ಬೇಕಾದದ್ದು ಆಗಲೇ ಇದೆ. ಸ್ಟ್ರೀಮಿನ, ಅಂದರೆ ರೆಕಾರ್ಡಿಂಗಿನ ಧ್ವನಿ ಹರಿವಿನ, ಮೇಲೆ ಡೋಂಟ್-ಫಾಲ್‌ಬ್ಯಾಕ್ ಎಂಬ ಗುಣ ಇಟ್ಟರೆ ಬೇರೆ ಮೈಕಿಗೆ ಹಾರುವುದಿಲ್ಲ. ಜೊತೆಗೆ ಲಿಂಗರ್ ಎಂಬ ಗುಣ ಇಟ್ಟರೆ ಎರರ್ ಕೊಟ್ಟು ಸಾಯದೆ, ತನ್ನ ಮೈಕು ಮರಳುವ ತನಕ ಕಾಯುತ್ತದೆ. ಹೊಸ ಕೋಡು ಬರೆಯುವ ಮೊದಲು ಇರುವುದನ್ನು ಕೊನೆತನಕ ಓದಿ ಎಂದು ಇಂಥ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಹೇಳುವುದು ಈ ಕಾರಣಕ್ಕೆ.

ಯೋಜನೆಗೆ ನನ್ನಿಂದ ಹೋಗುವುದು ಮುಖ್ಯವಾಗಿ ಪರೀಕ್ಷೆ ಮತ್ತು ದಾಖಲೆ. ‘ನಮ್ಮೂರಲ್ಲಿ ಕರೆಂಟು ಹೋದಾಗ ಹೀಗಾಗುತ್ತದೆ’ ಎಂದು ಬರೆದರೆ ಎಲ್ಲೋ ಕೂತ ಡೆವಲಪರ್ ಏನು ಮಾಡಿಯಾರು? ಅವರ ಮೇಜಿನ ಮೇಲೂ ಅದೇ ಆಗುವಂತೆ ತೋರಿಸಿಕೊಡಬೇಕು. ಲಿನಕ್ಸಿನ ಸಿಸ್ ಫೋಲ್ಡರಿನಲ್ಲಿ ಪ್ರತಿ ಯುಎಸ್‌ಬಿ ಸಾಧನಕ್ಕೂ ಆಥರೈಸ್ಡ್ ಎಂಬ ಫೈಲಿದೆ. ಅದಕ್ಕೆ 0 ಬರೆದರೆ ಸಾಧನ ಮಾಯ, 1 ಬರೆದರೆ ಹಾಜರ್. ಯಾವುದಕ್ಕೆ ಮೊದಲು 1 ಬರೆಯುತ್ತೀರೋ ಅದು ಮೊದಲು ಬರುತ್ತದೆ, ಅದಲುಬದಲನ್ನು ಬೇಕೆಂದಾಗ ಮಾಡಿಸಬಹುದು. ಈ ಹೆಜ್ಜೆಗಳ ಜೊತೆಗೆ, ಜೋಡಣೆಯ ವಿಷಯಕ್ಕೆ ಮಾತ್ರ ಡೀಬಗ್ ಮಟ್ಟ ಏರಿಸಿ ತೆಗೆದ ಲಾಗ್ ಕೊಡುತ್ತೇನೆ. ಎಲ್ಲ ಲಾಗನ್ನೂ ಸುರಿದರೆ ಯಾರೂ ಓದುವುದಿಲ್ಲ. ಹೆಜ್ಜೆ ಸ್ಪಷ್ಟವಾಗಿದ್ದರೆ ಚರ್ಚೆ ನೇರವಾಗಿ ಕೋಡಿಗೆ ಬರುತ್ತದೆ.

ವೈರ್‌ಪ್ಲಂಬರ್ 0.4 ಆವೃತ್ತಿಯಿಂದ 0.5ಕ್ಕೆ ಹೋದದ್ದು ಬಹಳ ಜನರನ್ನು ಕಾಡಿತು. 2024ರ ಮಾರ್ಚಿನಲ್ಲಿ ಬಂದ 0.5, ಹಳೆಯ ಲುವಾ ಸೆಟ್ಟಿಂಗ್ ಫೈಲುಗಳನ್ನು ಓದುವುದೇ ಇಲ್ಲ. ಜೇಸನ್ ಎಂಬ ಸರಳ ಪಠ್ಯ ರೂಪವನ್ನು ಹೋಲುವ ಹೊಸ ರೂಪದಲ್ಲೇ ಬರೆಯಬೇಕು. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ವಿತರಣೆಯ 12ನೇ ಆವೃತ್ತಿಯಲ್ಲಿ ಇರುವುದು 0.4. ಹಾಗಾಗಿ ತೀರ್ಥಹಳ್ಳಿಯ ಗೆಳೆಯನ ಲ್ಯಾಪ್‌ಟಾಪಿಗೆ ಒಂದು ಥರ, ನನ್ನದಕ್ಕೆ ಇನ್ನೊಂದು ಥರ ಫೈಲು ಇಟ್ಟುಕೊಂಡಿದ್ದೇನೆ. ಇಷ್ಟಾದರೂ ಆ ಬದಲಾವಣೆ ಆಗಲೇಬೇಕಿತ್ತು ಅನ್ನುವುದು ನನ್ನ ಖಚಿತ ಅಭಿಪ್ರಾಯ. 0.4ರಲ್ಲಿ ಒಂದೇ ಘಟನೆಗೆ ಹಲವು ಸ್ಕ್ರಿಪ್ಟುಗಳು ತಮ್ಮ ಪಾಡಿಗೆ ಓಗೊಡುತ್ತಿದ್ದವು, ಯಾರು ಮೊದಲು ಅನ್ನುವ ಭರವಸೆ ಇರಲಿಲ್ಲ. ಸಣ್ಣದೊಂದು ನಿರ್ಧಾರ ಬದಲಿಸಲು ಇಡೀ ಸ್ಕ್ರಿಪ್ಟನ್ನೇ ನಕಲು ಮಾಡಿ ತಿದ್ದಬೇಕಿತ್ತು. 0.5ರಲ್ಲಿ ಘಟನೆಗಳಿಗೆ ಆದ್ಯತೆಯ ಸಾಲಿದೆ. ಪ್ರತಿ ಹುಕ್‌ಗೂ ಹೆಸರಿದೆ, ‘ಇದರ ಮೊದಲು’, ‘ಇದರ ನಂತರ’ ಎಂದು ನನ್ನ ಹುಕ್ಕನ್ನು ನಡುವೆ ಕೂರಿಸಬಹುದು. ಮೂಲ ಸ್ಕ್ರಿಪ್ಟನ್ನು ಮುಟ್ಟುವ ಪ್ರಮೇಯವೇ ಇಲ್ಲ.

ಊರಲ್ಲಿ ಕೂತು ಈ ಕೆಲಸ ಮಾಡಲು ಆಗುವುದೂ ಲುವಾದಿಂದಲೇ. ಲೈಬ್ರರಿಯನ್ನು ಮೆಸನ್, ನಿಂಜಾ ಎಂಬ ಬಿಲ್ಡ್ ಟೂಲುಗಳಲ್ಲಿ ಕಟ್ಟಲು ಬೇಕಾದ ಪ್ಯಾಕೇಜುಗಳನ್ನು ಶಿವಮೊಗ್ಗಕ್ಕೆ ಹೋದಾಗ ಇಳಿಸಿಕೊಂಡು ಬರುತ್ತೇನೆ. ಸ್ಕ್ರಿಪ್ಟು ತಿದ್ದಲು ಕಟ್ಟುವುದೇ ಬೇಡ. ಹೋಮ್ ಫೋಲ್ಡರಿನೊಳಗಿನ ವೈರ್‌ಪ್ಲಂಬರ್‌ನ ಸ್ಕ್ರಿಪ್ಟ್ ಜಾಗದಲ್ಲಿ ತಿದ್ದಿದ ಪ್ರತಿ ಇಟ್ಟರೆ ವ್ಯವಸ್ಥೆಯದ್ದನ್ನು ಬಿಟ್ಟು ಅದನ್ನೇ ಎತ್ತಿಕೊಳ್ಳುತ್ತದೆ. ಸೇವೆಯನ್ನು ರೀಸ್ಟಾರ್ಟ್ ಮಾಡಿದರಾಯಿತು.

ಸದ್ಯ ಕೈಯಲ್ಲಿರುವುದು ಸಮಯದ ಲೆಕ್ಕ. ಮೈಕು ಮಾಯವಾಗಿ ರೆಕಾರ್ಡಿಂಗ್ ಕಾಯುತ್ತಿರುವಾಗ ಆ ಟ್ರ್ಯಾಕಿಗೆ ಏನೂ ಬರೆಯುವುದಿಲ್ಲ. ಅಷ್ಟು ಹೊತ್ತು ಆ ಟ್ರ್ಯಾಕು ಅರ್ಥಧಾರಿಗಳ ಟ್ರ್ಯಾಕಿಗಿಂತ ಗಿಡ್ಡವಾಗುತ್ತದೆ. ಈಗ ಮುಂದಿನ ಚಂಡೆಯ ಮೊದಲ ಪೆಟ್ಟು ಎಲ್ಲ ಟ್ರ್ಯಾಕುಗಳಲ್ಲಿ ಎಲ್ಲಿದೆ ಎಂದು ನೋಡಿ ಕೈಯಲ್ಲೇ ಹೊಂದಿಸುತ್ತೇನೆ. ಜೋಡಣೆ ಕಳಚಿದ ಮತ್ತು ಮರಳಿ ಕೂಡಿದ ಗಳಿಗೆಗಳನ್ನು ಬರೆದಿಡುವ ಹುಕ್ ಅರ್ಧ ಆಗಿದೆ. ಅದು ಮುಗಿದರೆ ಎಷ್ಟು ಮೌನ ತುಂಬಬೇಕೆಂದು ಲೆಕ್ಕ ಹಾಕಿ, ಟ್ರ್ಯಾಕುಗಳನ್ನು ತಾನಾಗಿ ಹೊಂದಿಸುವ ಸ್ಕ್ರಿಪ್ಟು ಬರೆಯಬೇಕು. ಆಷಾಢದ ಕೂಟಗಳು ಶುರುವಾಗುವ ಮೊದಲೇ ಅದನ್ನು ಪರೀಕ್ಷಿಸುವ ಆಸೆ.