ಖಾಲಿ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ

ಪುನರ್ವಸು ಮಳೆ ಹಿಡಿದರೆ ಮೂಡಿಗೆರೆಯ ನಮ್ಮ ಮನೆಯಲ್ಲಿ ಡಬ್ಬಿಯೊಳಗಿನ ಉಪ್ಪೂ ನೀರಾಗುತ್ತದೆ. ಅಂಥದ್ದೊಂದು ಸಂಜೆ, ಮರುದಿನದ ಬಟವಾಡೆಗೆ ತೋಟದ ಆಳುಗಳ ಪಟ್ಟಿ ಮುದ್ರಿಸಲು ಕುಳಿತರೆ ಲೇಸರ್ ಪ್ರಿಂಟರ್ ‘ಪೇಪರ್ ಜಾಮ್’ ಎಂದು ಹಟ ಹಿಡಿಯಿತು. ಟ್ರೇ ಎಳೆದೆ, ಟೋನರ್ ಕಾರ್ಟ್ರಿಜ್ ತೆಗೆದೆ, ಹಿಂಬದಿಯ ಬಾಗಿಲು ತೆರೆದೆ. ಒಂದು ಚೂರು ಕಾಗದವೂ ಇರಲಿಲ್ಲ. ರಿಪೇರಿಯವರು ಫೋನಿನಲ್ಲೇ ‘ಫ್ಯೂಸರ್ ಹೋಗಿದೆ, ಹೊಸದೇ ಕೊಳ್ಳಿ’ ಎಂದರು. ಫ್ಯೂಸರ್ ಎಂದರೆ ಟೋನರ್ ಎಂಬ ಮಸಿಪುಡಿಯನ್ನು ಕಾಯಿಸಿ ಕಾಗದಕ್ಕೆ ಅಂಟಿಸುವ ಭಾಗ. ಯಂತ್ರವನ್ನು ನೋಡದೆ ಕೊಟ್ಟ ತೀರ್ಪನ್ನು ಒಪ್ಪಲು ನನಗೆ ಮನಸ್ಸಾಗಲಿಲ್ಲ.

ದೂರು ಯಾವಾಗ ಬರುತ್ತದೆ ಎಂಬುದನ್ನು ಮೊದಲು ಗಮನಿಸಿದೆ. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೇ, ಟ್ರೇಯಿಂದ ಒಂದು ಹಾಳೆಯೂ ಅಲುಗುವ ಮೊದಲೇ ಬರುತ್ತಿತ್ತು. ಟ್ರೇ ಬರಿದು ಮಾಡಿದರೂ ಅದೇ ಮಾತು. ಅಂದ ಮೇಲೆ ಯಾವುದೋ ಸೆನ್ಸರ್ ಇಲ್ಲದ ಕಾಗದವನ್ನು ಇದೆ ಎನ್ನುತ್ತಿದೆ. ಇಂಥ ಪ್ರಿಂಟರುಗಳು ಕಾಗದವನ್ನು ನೇರವಾಗಿ ಗುರುತಿಸುವುದಿಲ್ಲ. ಹಾಳೆ ಹಾದುಹೋಗುವಾಗ ಫ್ಲ್ಯಾಗ್ ಎಂಬ ಪ್ಲಾಸ್ಟಿಕ್ ಕಡ್ಡಿ ವಾಲುತ್ತದೆ. ಅದರ ಇನ್ನೊಂದು ತುದಿ ಇನ್‌ಫ್ರಾರೆಡ್ ಕಿರಣವನ್ನು ತಡೆಯುತ್ತದೆ ಅಥವಾ ಬಿಡುತ್ತದೆ. ಯಂತ್ರಕ್ಕೆ ತಿಳಿಯುವುದು ಅಷ್ಟೇ.

ಪ್ಲಗ್ ಕಿತ್ತು ಒಂದು ಗಂಟೆ ಬಿಟ್ಟೆ. ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ಅವಸರ ಮಾಡಿದರೆ ಬೆರಳು ಸುಡುವುದು ಖಂಡಿತ. ಒಳಗೆ ಅಚ್ಚು ಮೂಡಿಸುವ ಉರುಳೆಯಾದ ಡ್ರಮ್‌ಗೆ ಬೆಳಕು ತಾಗಬಾರದೆಂದು ಕಾರ್ಟ್ರಿಜ್‌ಗೆ ದಪ್ಪ ಕಪ್ಪು ಬಟ್ಟೆ ಹೊದಿಸಿದೆ. ಮೊಬೈಲಿನ ಟಾರ್ಚ್ ಹಿಡಿದು ಮುಂದಿನ ಫ್ಲ್ಯಾಗನ್ನು ಒತ್ತಿದೆ. ಬಿಟ್ಟ ಕೂಡಲೇ ಚಿಮ್ಮಿ ನಿಂತಿತು. ಫ್ಯೂಸರ್ ಹಿಂದಿನದು, ಬೆಂಕಿಕಡ್ಡಿಯಷ್ಟುದ್ದದ್ದು, ಆಗಲೇ ವಾಲಿ ಮಲಗಿತ್ತು. ಎತ್ತಿ ನಿಲ್ಲಿಸಿದರೆ ಮತ್ತೆ ಮಲಗುತ್ತಿತ್ತು. ಕಣ್ಣು ಕಿರಿದಾಗಿಸಿ ನೋಡಿದಾಗ ಕೂದಲೆಳೆಯಂಥ ಸ್ಪ್ರಿಂಗಿನ ಒಂದು ಕಾಲು ತನ್ನ ಕಚ್ಚಿನಿಂದ ಜಾರಿದ್ದು ಕಂಡಿತು. ಹಿಂದಿನ ದಿನ ತಂಡಿ ಹಿಡಿದ ಹಾಳೆಯೊಂದು ನಿಜವಾಗಿಯೇ ಸಿಕ್ಕಿಕೊಂಡಾಗ, ಅದು ಸಾಗುವ ದಿಕ್ಕಿಗೆ ಎದುರಾಗಿ ನಾನೇ ಎಳೆದಿದ್ದೆ. ಚಿಮಟದಿಂದ ಮೂರನೆಯ ಸಲಕ್ಕೆ ಸ್ಪ್ರಿಂಗ್ ಕೂತಿತು. ಕಡ್ಡಿ ಟಕ್ಕನೆ ಎದ್ದು ನಿಂತಾಗ ಆದ ಸಂತೋಷ ಹೇಳತೀರದು. ಹಸಿರು ದೀಪ ಹತ್ತಿತು, ಪಟ್ಟಿ ಹೊರಬಂತು.

ವಾರದ ಬಳಿಕ ಅದೇ ಸೂಚನೆ ಮತ್ತೆ ಬಂತು. ಆದರೆ ಈ ಬಾರಿ ರೋಲರ್ ಕಿರುಗುಟ್ಟಿ ತಿರುಗಿದ ಮೇಲೆ. ಇದು ಬೇರೆಯೇ ಕಾಯಿಲೆ: ಹಾಳೆ ನಿಗದಿತ ಹೊತ್ತಿಗೆ ಸೆನ್ಸರ್ ತಲುಪದಿದ್ದರೂ ಪ್ರಿಂಟರ್ ಅದನ್ನು ಜಾಮ್ ಎಂದೇ ಎಣಿಸುತ್ತದೆ. ಕಾಗದ ಎಳೆಯುವ ರಬ್ಬರ್ ರೋಲರ್ ನುಣುಪಾಗಿ ಮಿರುಗುತ್ತಿತ್ತು. ಒದ್ದೆ ಬಟ್ಟೆಯಿಂದ ಹೊಳಪು ಹೋಗುವ ತನಕ ಒರೆಸಿ, ಒಣಗಿಸಿದೆ. ಈಗ ಕಾಗದದ ಕಟ್ಟು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿರುತ್ತದೆ. ಬೇಕಾದ ಇಪ್ಪತ್ತು ಹಾಳೆಗಳನ್ನಷ್ಟೇ, ಅಂಚು ಬಿಡಿಸಿ, ಟ್ರೇಗೆ ಇಡುತ್ತೇನೆ. ಪುಷ್ಯ ಮಳೆಯ ವಾರದ ಬಟವಾಡೆ ಪಟ್ಟಿ ಒಮ್ಮೆಯೂ ನಿಲ್ಲದೆ ಮುದ್ರಣವಾಯಿತು.