ದೊಡ್ಡ ಇಂಜಿನ್ ಕೂರಿಸುವ ಮೊದಲು ಟ್ರಾನ್ಸ್‌ಫರ್ ಕೇಸ್ ಲೆಕ್ಕ ಹಾಕಿ

"ಗಾಡಿಗೆ ವಿ8 ಕೂರಿಸ್ತಾ ಇದ್ದೀನಿ, ಈಗಿರೋ ಟ್ರಾನ್ಸ್‌ಫರ್ ಕೇಸ್ ತಡ್ಕೊಳ್ಳುತ್ತಾ?" ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವ ಈ ಪೆಟ್ಟಿಗೆಯ ಬಗ್ಗೆ ಹೀಗೆ ಕೇಳಿದವರಿಗೆ ನಾನು ತಿರುಗಿ ಮೂರು ಪ್ರಶ್ನೆ ಹಾಕುತ್ತೇನೆ: ಗಾಡಿ ತೂಕ ಎಷ್ಟು, ಟಯರ್ ಎಷ್ಟು ದೊಡ್ಡದು, ಆಕ್ಸಲ್ ರೇಷಿಯೋ (ಚಕ್ರ ಒಂದು ಸುತ್ತು ಹಾಕಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಬೇಕು) ಏನು? ಹಾರ್ಸ್‌ಪವರ್ ವಿಚಾರ ಆಮೇಲೆ. ಕೆಲವರಿಗೆ ಬೇಜಾರಾಗುತ್ತದೆ, ಯಾಕೆಂದರೆ ಅವರು ಹೇಳಿಕೊಳ್ಳಬೇಕು ಅಂತಿದ್ದದ್ದೇ ಹಾರ್ಸ್‌ಪವರ್.

ಲೆಕ್ಕ ಕಷ್ಟದ್ದಲ್ಲ, ಕಾಗದ ತಗೊಳ್ಳಿ. ಇಂಜಿನ್ ಟಾರ್ಕ್ 550 ನ್ಯೂಟನ್ ಮೀಟರ್ ಅಂದುಕೊಳ್ಳಿ. ಹಿಂದೆ ಟಿಎಚ್400 ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಅದರ ಫಸ್ಟ್ ಗೇರ್ 2.48. ನಿಂತ ಗಾಡಿ ಹೊರಡುವಾಗ ಟಾರ್ಕ್ ಕನ್ವರ್ಟರ್ ಹೆಚ್ಚುಕಮ್ಮಿ ಎರಡು ಪಟ್ಟು ಮಾಡುತ್ತದೆ ಎಂದಿಟ್ಟುಕೊಳ್ಳೋಣ. ಗುಣಿಸಿದರೆ ಟ್ರಾನ್ಸ್‌ಫರ್ ಕೇಸಿಗೆ ಒಳಬರುವುದು ಸುಮಾರು 2,730. ಕೇಸಿನ ಲೋ ರೇಂಜ್, ಅಂದರೆ ನಿಧಾನ ಓಟದ ಗೇರ್, 2.72 ಇದ್ದರೆ ಹೊರಹೋಗುವ ಕಡೆ 7,400. ಅಂಕಿ ನೋಡಿದರೆ ಎದೆ ಧಸಕ್ ಅನ್ನುತ್ತದೆ.

ಈಗ ಟಯರ್ ಕಡೆಯಿಂದ ಹಿಂದಕ್ಕೆ ಬನ್ನಿ. ಗಾಡಿ 2,500 ಕೆಜಿ, ಟಯರ್ 35 ಇಂಚು, ಅಂದರೆ ತ್ರಿಜ್ಯ 0.44 ಮೀಟರ್. ಒಣ ಬಂಡೆಯ ಮೇಲೆ ಹಿಡಿತ 0.8 ಅನ್ನಿ. 2,500 × 9.8 × 0.8 × 0.44, ಸುಮಾರು 8,600. ಇದನ್ನು ಆಕ್ಸಲ್ ರೇಷಿಯೋ 4.10ರಿಂದ ಭಾಗಿಸಿದರೆ 2,100. ಎರಡೂ ಪ್ರೊಪೆಲ್ಲರ್ ಶಾಫ್ಟ್ ಸೇರಿ ಅಷ್ಟು ಮುಟ್ಟುವ ಹೊತ್ತಿಗೆ ಟಯರೇ ಜಾರುತ್ತದೆ, 7,400 ಕಾಗದದಲ್ಲೇ ಉಳಿಯುತ್ತದೆ. ಹಾಗೆ ನೋಡಿದರೆ 250 ನ್ಯೂಟನ್ ಮೀಟರಿನ ಸಣ್ಣ ಇಂಜಿನ್ ಕೂಡ ಫಸ್ಟ್ ಗೇರ್ 4, ಲೋ ರೇಂಜ್ 4 ಇದ್ದರೆ 4,000 ಕೊಡುತ್ತದೆ. ಅದೂ ಟಯರಿನ ಮಿತಿ ದಾಟಿತು.

ಈ ಲೆಕ್ಕದಲ್ಲೇ ಅಗ್ಗದ ದಾರಿಯೂ ಇದೆ. ಆಕ್ಸಲಿನೊಳಗಿನ ಗೇರ್ ಜೋಡಿ, ಅಂದರೆ ಕ್ರೌನ್ ಪಿನಿಯನ್, 4.10 ಬದಲು 5.13 ಹಾಕಿಸಿದರೆ 2,100 ಇದ್ದದ್ದು 1,680ಕ್ಕೆ ಇಳಿಯುತ್ತದೆ. ಟ್ರಾನ್ಸ್‌ಫರ್ ಕೇಸಿನ ಒಂದು ಬೋಲ್ಟ್ ಮುಟ್ಟದೆ ಅದರ ಮೇಲಿನ ಹೊರೆ ಐದರಲ್ಲೊಂದು ಭಾಗ ಕಮ್ಮಿ. ಪಿನಿಯನ್ ಚಿಕ್ಕದಾಗುತ್ತದೆ, ನಿಜ. ಅದನ್ನು ಆಕ್ಸಲಿನ ಗಾತ್ರ ನೋಡಿ ತೀರ್ಮಾನಿಸಿ. ದೊಡ್ಡ ಟಯರ್ ಹಾಕಿ ಹಳೇ ಕ್ರೌನ್ ಪಿನಿಯನ್ನೇ ಬಿಟ್ಟವರ ಕೇಸುಗಳೇ ನನ್ನ ಬೆಂಚಿಗೆ ಹೆಚ್ಚು ಬರುವುದು.

ಹಾಗಾದರೆ ದೊಡ್ಡ ಇಂಜಿನ್ನಿಂದ ತೊಂದರೆಯೇ ಇಲ್ಲವೇ? ಇದೆ, ಎರಡು ಕಡೆ. ಚಕ್ರ ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡರೆ ಜಾರಲು ಜಾಗವಿಲ್ಲ. ಆಗ ಟಯರ್ ಮಿತಿಯ ಲೆಕ್ಕ ಬಿದ್ದುಹೋಯಿತು, ಇಂಜಿನ್ ಎಷ್ಟು ಕೊಡುತ್ತದೋ ಅಷ್ಟೂ ಬರುತ್ತದೆ. ಇನ್ನೊಂದು, ಗಾಳಿಯಲ್ಲಿ ಗಿರಗಿರ ತಿರುಗುವ ಚಕ್ರ ಪೂರ್ತಿ ಆಕ್ಸಿಲರೇಟರಿನಲ್ಲಿ ನೆಲಕ್ಕೆ ಬಡಿಯುವುದು. ಆ ಏಟು ಒಂದೇ ಕ್ಷಣದ್ದು, ಆದರೆ ಸ್ಪ್ಲೈನ್ (ಶಾಫ್ಟ್ ಮೈಮೇಲೆ ಉದ್ದಕ್ಕೆ ಕೊರೆದ ಹಲ್ಲುಗಳು) ತಿರುಚಿಕೊಳ್ಳಲು ಅಷ್ಟೇ ಸಾಕು. ಚಕ್ರ ಹಾರತೊಡಗಿದರೆ ಕಾಲು ತೆಗೆಯಿರಿ. ಈ ಮಾತಿಗೆ ಬದಲಿ ಬಿಡಿಭಾಗ ಯಾವುದೂ ಇಲ್ಲ.

ಒಳಗೆ ಹೊರೆ ಎಲ್ಲಿ ಹೋಗುತ್ತದೆ ಎಂಬುದನ್ನೂ ತಿಳಿದಿರಬೇಕು. ಟೂ ಹೈನಲ್ಲಿ, ಅಂದರೆ ಹಿಂದಿನ ಎರಡೇ ಚಕ್ರ ಎಳೆಯುವಾಗ, ಬಹುತೇಕ ಕೇಸುಗಳು ನೇರ ಡ್ರೈವ್, ಇನ್‌ಪುಟ್ ಹಿಂದಿನ ಔಟ್‌ಪುಟ್ ಶಾಫ್ಟಿಗೆ ಬೀಗ ಹಾಕಿದಂತೆ ಸೇರಿರುತ್ತದೆ. ಕೇಸಿನೊಳಗೆ ಚೈನ್ ಇದ್ದರೆ ಅದು ದುಡಿಯುವುದು ಮುಂದಿನ ಆಕ್ಸಲ್ ಎಳೆಯುವಾಗ ಮಾತ್ರ. ಮುಂದಕ್ಕೆ ಏರು ಹತ್ತುವಾಗ ತೂಕ ಹಿಂದಕ್ಕೆ ಬರುತ್ತದೆ, ಹಿಂದಿನ ಶಾಫ್ಟೇ ಹೊರುತ್ತದೆ. ಅದೇ ಏರನ್ನು ರಿವರ್ಸಿನಲ್ಲಿ ಹತ್ತಿದರೆ ಮುಂದಿನ ಆಕ್ಸಲ್ ಕೆಳಗಿರುತ್ತದೆ, ಹೆಚ್ಚಿನ ಭಾರ ಚೈನಿಗೆ. ಸವೆದ ಚೈನ್ ಹಲ್ಲು ಹಾರಿ 'ಕಟಕ್' ಎನ್ನುವುದನ್ನು ನಾನು ಹೆಚ್ಚು ಕೇಳಿರುವುದು ರಿವರ್ಸಿನಲ್ಲೇ.

ಕೇಸ್ ಆಯ್ಕೆಗೆ ಬರೋಣ. ಎನ್‌ಪಿ205 ಮಾದರಿಯ ಕೇಸ್ ಬಗ್ಗೆ ಎಲ್ಲರೂ ಹೊಗಳುತ್ತಾರೆ, ಹೊಗಳಿಕೆ ಸುಳ್ಳಲ್ಲ: ಬೀಡು ಕಬ್ಬಿಣದ ಮೈ, ಒಳಗೆ ಚೈನ್ ಇಲ್ಲ, ಬರೀ ಗೇರ್. ಆದರೆ ಲೋ ರೇಂಜ್ 1.96 ಮಾತ್ರ, ಬಂಡೆ ಹತ್ತಲು ಸಾಲದು. ಅದಕ್ಕೇ ಎನ್‌ಪಿ203 ಕೇಸಿನ ರೇಂಜ್ ಬಾಕ್ಸನ್ನು (ಲೋ ರೇಂಜ್ ಗೇರ್ ಇರುವ ಭಾಗ) ಬಿಚ್ಚಿ ಮುಂದೆ ಜೋಡಿಸುತ್ತಾರೆ, ಎರಡೂ ಲೋ ಹಾಕಿದರೆ 3.92 ಸಿಗುತ್ತದೆ. ತೂಕವೂ ಉದ್ದವೂ ಹೆಚ್ಚುತ್ತವೆ, ಚಿಕ್ಕ ವೀಲ್‌ಬೇಸಿನ ಗಾಡಿಗೆ ನಾನಂತೂ ಹೇಳುವುದಿಲ್ಲ. 205 ಕೊಳ್ಳುವಾಗ ಸ್ಪ್ಲೈನ್ ಎಣಿಸಿ. ಹಲವು ಬಗೆ ಬಂದಿವೆ, ನಿಮ್ಮ ಗೇರ್‌ಬಾಕ್ಸಿಗೆ ಹೊಂದುವ ದಪ್ಪ ಇನ್‌ಪುಟ್ ಸಿಕ್ಕರೆ ಅದನ್ನೇ ತಗೊಳ್ಳಿ. 1980ರಿಂದ 86ರ ಜೀಪ್ ಸಿಜೆಗಳ ಡಾನಾ 300 ಕೂಡ ಗೇರಿನದೇ, ಲೋ 2.62. ಅದರ ಬಲಹೀನ ಜಾಗ 26 ಸ್ಪ್ಲೈನಿನ ಔಟ್‌ಪುಟ್. ದೊಡ್ಡ ಇಂಜಿನ್ ಎಂದರೆ 32 ಸ್ಪ್ಲೈನ್ ಶಾಫ್ಟ್ ಹಾಕಿಸಿಯೇ ಮುಂದುವರಿಯಿರಿ.

ಚೈನ್ ಎಂದ ಕೂಡಲೇ ಮೂಗು ಮುರಿಯಬೇಡಿ. ಅಲ್ಯೂಮಿನಿಯಂ ಮೈನ ಎನ್‌ಪಿ231, 241 ಹಗುರ, ಸದ್ದು ಕಮ್ಮಿ, ಲೋ 2.72. ಹೆಚ್ಚಾಗಿ ರಸ್ತೆಯಲ್ಲೇ ಓಡುವ ಗಾಡಿಗೆ 241 ನನಗೆ ಇಷ್ಟ. 2003ರ ರ‍್ಯಾಂಗ್ಲರ್ ರೂಬಿಕಾನ್‌ನಿಂದ ಬಂದ 241ಓಆರ್ ಚೈನಿನದೇ, ಲೋ 4. 231ಕ್ಕೆ ದೊಡ್ಡ ಇಂಜಿನ್ ಜೋಡಿಸುವುದಾದರೆ ಹಿಂದಿನ ಸ್ಲಿಪ್ ಯೋಕ್ (ಔಟ್‌ಪುಟ್ ಶಾಫ್ಟಿನ ಮೇಲೆ ಹಿಂದೆ ಮುಂದೆ ಜಾರುವ ಜೋಡಣೆ) ತೆಗೆದು ದಪ್ಪ ಶಾಫ್ಟಿನ ಫಿಕ್ಸೆಡ್ ಯೋಕ್ ಕಿಟ್ ಹಾಕಿ. ಶಾಫ್ಟ್ ಬಲವಾಗುವುದು ಒಂದು, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದರೂ ಆಯಿಲ್ ಸುರಿಯದಿರುವುದು ಇನ್ನೊಂದು.

ಜೋಡಣೆಯಲ್ಲಿ ಜನ ಮರೆಯುವುದು ಆಧಾರ. 205ರಂಥದ್ದು 60 ಕೆಜಿ ಮೇಲೆ ತೂಗುತ್ತದೆ. ಅದು ಗೇರ್‌ಬಾಕ್ಸಿಗೆ ಸೇರಿಸುವ ಅಡಾಪ್ಟರ್ ಮೇಲೊಂದೇ ನೇತಾಡಿದರೆ ಪ್ರತಿ ಗುಂಡಿಗೂ ಗೇರ್‌ಬಾಕ್ಸಿನ ಹಿಂಬದಿ ಬಿರುಕಿಗೆ ಹತ್ತಿರವಾಗುತ್ತದೆ. ಕೇಸಿಗೇ ಒಂದು ಬ್ರಾಕೆಟ್, ಅದರಡಿ ರಬ್ಬರ್ ಮೌಂಟ್ ಬೇಕು. ಕಬ್ಬಿಣಕ್ಕೆ ಕಬ್ಬಿಣ ಬಿಗಿದರೆ ಚಾಸಿಸ್ ತಿರುಚಿದಾಗ ಕೇಸೂ ತಿರುಚಬೇಕಾಗುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಅಳೆಯುವುದು ಗಾಡಿ ಸ್ಟ್ಯಾಂಡಿನ ಮೇಲೆ ನಿಂತಾಗಲ್ಲ. ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಸ್ಲಿಪ್ ಜಾಯಿಂಟ್ ತಳ ಮುಟ್ಟದೆ ಇನ್ನೂ ಜಾಗ ಉಳಿದಿರಬೇಕು. ತಳ ಮುಟ್ಟಿದ ಶಾಫ್ಟ್ ಔಟ್‌ಪುಟ್ ಬೇರಿಂಗನ್ನು ಸುತ್ತಿಗೆಯಿಂದ ಹೊಡೆದ ಹಾಗೆ ಹೊಡೆಯುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲುಗಳನ್ನು, ಅಂದರೆ ಕ್ರಾಸ್‌ಗಳನ್ನು, ಎಲ್ಲಕ್ಕಿಂತ ದೊಡ್ಡದು ಹಾಕಿಸುವ ಚಪಲವೂ ಬೇಡ. ಯಾವುದೋ ಒಂದು ಮುರಿಯಲೇಬೇಕು ಅಂತಿದ್ದರೆ ಅದು ಕ್ರಾಸ್ ಆಗಲಿ, ಗಾಡಿ ಕೆಳಗೆ ಮಲಗಿ ಬದಲಿಸಬಹುದು.

ಒಣ ಟಾರು ರಸ್ತೆಯಲ್ಲಿ ಪಾರ್ಟ್‌ಟೈಮ್ ಫೋರ್ ವೀಲ್ (ಮುಂದಿನ, ಹಿಂದಿನ ಶಾಫ್ಟ್ ಬೀಗ ಹಾಕಿದಂತೆ ಒಟ್ಟಿಗೆ ತಿರುಗುವ ಬಗೆ) ಹಾಕಿ ಓಡಿಸಬೇಡಿ. ಹಿಂದೆ ಮುಂದೆ ಟಯರ್ ಅಳತೆ ಒಂದೇ ಇರಲಿ.

ಇನ್ನು ತಪಾಸಣೆ. ಚೈನ್ ಸವೆದಿದೆಯೇ ಎಂದು ಕೇಸ್ ಬಿಚ್ಚದೆ ನೋಡಬಹುದು. ಚಕ್ರಕ್ಕೆ ಅಡೆ ಕೊಟ್ಟು, ಫೋರ್ ಹೈ ಹಾಕಿ, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಯೋಕ್ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ. ಸ್ವಲ್ಪ ಆಟ ಇದ್ದೇ ಇರುತ್ತದೆ. ಕೈಗೆ ಸಡಿಲ ಸಿಕ್ಕು, ಒಳಗೆ ಕೇಸಿನ ಗೋಡೆಗೆ ಏನೋ ತಾಕಿದ ಸದ್ದು ಬಂದರೆ ಬಿಚ್ಚುವ ಸಮಯ ಬಂತು. ಬಿಚ್ಚಿದಾಗ ಮೊದಲು ಬೆಳಕು ಬಿಡಬೇಕಾದದ್ದು ಚೈನಿಗಲ್ಲ, ಕೇಸಿನ ಒಳಗೋಡೆಗೆ. ಸಡಿಲ ಚೈನ್ ಉಜ್ಜಿದ ಕಡೆ ಫಳಫಳ ಹೊಳೆಯುವ ಪಟ್ಟಿ ಕಾಣುತ್ತದೆ, ಉಗುರು ಎಳೆದರೆ ಅಂಚು ತಗಲುತ್ತದೆ. ಎನ್‌ಪಿ246, 261ರಂಥ ಹಗುರ ಮೈನ ಕೇಸುಗಳಲ್ಲಿ ಇನ್ನೊಂದು ಜಾಗವಿದೆ: ಆಯಿಲ್ ಪಂಪಿನ ಕಿವಿ ಹಿಂದಿನ ಅರ್ಧಕ್ಕೆ ಉಜ್ಜಿ ಉಜ್ಜಿ ಸೂಜಿ ತೂತು ಕೊರೆಯುತ್ತದೆ. ಆಯಿಲ್ ಅಲ್ಲಿಂದ ಹನಿಯದೆ, ಓಡುವಾಗ ಮಂಜಿನಂತೆ ಸಿಡಿದು ಹಿಂದಿನ ಆಕ್ಸಲಿಗೆ ಮೆತ್ತಿಕೊಳ್ಳುತ್ತದೆ. ನಿಲ್ಲಿಸಿದ ಜಾಗದಲ್ಲಿ ಕಲೆ ಇಲ್ಲವೆಂದು ಯಾರೂ ಗಮನಿಸುವುದಿಲ್ಲ, ಆಯಿಲ್ ಮಾತ್ರ ಖಾಲಿ. ಪಂಪಿನ ಕಿವಿಗೂ ಕೇಸಿಗೂ ನಡುವೆ ಕೂರುವ ತಗಡಿನ ರಿಪೇರಿ ಕಿಟ್ ಸಿಗುತ್ತದೆ, ತೂತಾಗುವ ಮೊದಲೇ ಹಾಕಿಸಿ.

ಆಯಿಲ್ ಬೆರೆಸಬೇಡಿ. 205ಕ್ಕೆ ಗೇರ್ ಆಯಿಲ್, 231, 241ಕ್ಕೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್), 246ಕ್ಕೆ ಅದರದೇ ಪ್ರತ್ಯೇಕ ಆಯಿಲ್. ನೆಲದಿಂದ ಎತ್ತರ ಸಿಗಲಿ ಎಂದು ಕೇಸನ್ನು ಮೇಲಕ್ಕೆ ತಿರುಗಿಸಿ ಕೂರಿಸಿದ್ದರೆ ಫಿಲ್ ಪ್ಲಗ್ಗಿನ ಮಟ್ಟ ನಂಬಬೇಡಿ, ಪುಸ್ತಕದಲ್ಲಿರುವ ಪ್ರಮಾಣವನ್ನು ಅಳೆದು ಸುರಿಯಿರಿ. ನೀರು ದಾಟಿ ಬಂದ ಮೇಲೆ ಫಿಲ್ ಪ್ಲಗ್ ತೆಗೆದು ಬೆರಳು ಹಾಕಿ ನೋಡಿ. ಹಾಲು ಬೆರೆತ ಬಣ್ಣ ಕಂಡರೆ ಅದೇ ದಿನ ಆಯಿಲ್ ಬದಲಿಸಿ, ಕೇಸಿಗೆ ಗಾಳಿಯಾಡುವ ಬ್ರೀದರ್ ಪೈಪನ್ನು ಬಾನೆಟ್ ಎತ್ತರಕ್ಕೆ ಎಳೆದುಕೊಳ್ಳಿ. ಹೊಸದಾಗಿ ಜೋಡಿಸಿದ ಕೇಸಿನ ಅಡಾಪ್ಟರ್ ಬೋಲ್ಟುಗಳಿಗೆ ಮೊದಲ ಕಾಡುದಾರಿ ಮುಗಿದ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ.